ಸಿಮ್ ಬದಲಾಯ್ತು, ಫೋನ್ ಬದಲಾಗಲಿಲ್ಲ: ಕಾಡಂಚಿನ ಊರಲ್ಲಿ 4ಜಿ ಯಾಕೆ ಕೈಕೊಡುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕಿನ ಕೇಳುಗರು ಬೇರೆ ಬೇರೆ ಮಾತಲ್ಲಿ ಕೇಳ್ತಿರೋ ಪ್ರಶ್ನೆ ಒಂದೇ. "ಫೋನು 4ಜಿ, ಸಿಮ್ಮು 4ಜಿ, ಊರ ಹತ್ತಿರದ ಟವರ್ರೂ 4ಜಿ ಅಂತಾರೆ. ಪೇಟೆಗೆ ಹೋದ್ರೆ ನೆಟ್ ಓಡುತ್ತೆ, ಮನೆಗೆ ಬಂದ್ರೆ ಮೇಲೆ ಬರೀ 'ಇ' ಅಂತ ತೋರಿಸ್ಕೊಂಡು ಕೂತಿರುತ್ತೆ. ಪಕ್ಕದ ಮನೆಯವರದ್ದೂ ಅದೇ ಕಂಪನಿ ಸಿಮ್ಮು. ನಮ್ಮ ಜಗಲಿ ಮೇಲೇ ಕೂತು ಅವರು ವಿಡಿಯೊ ನೋಡ್ತಾರೆ. ನಮಗೇನಾಗಿದೆ?"

ಸಾಮಾನ್ಯವಾಗಿ ಎಲ್ಲರೂ ಮೊದಲು ಬಯ್ಯೋದು ಟವರ್‌ಗೆ, ಆಮೇಲೆ ಕಂಪನಿಗೆ. ಆ ಬೈಗುಳ ಎಷ್ಟೋ ಸಲ ನ್ಯಾಯವೂ ಹೌದು. ಆದ್ರೆ ಒಂದೇ ಜಗಲಿ ಮೇಲೆ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೇ ಇದ್ರೆ ಅಲ್ಲಿ ಟವರ್ ತಪ್ಪೇನೂ ಇರಲ್ಲ. ವ್ಯತ್ಯಾಸ ಇರೋದು ಜೇಬಲ್ಲಿರೋ ಫೋನಲ್ಲಿ. ಫೋನ್ ಮಾರೋ ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು, ಇಎಂಐ ಎಷ್ಟು ಅಂತ ಹೇಳ್ತಾರೆ. "ಇದು ನಿಮ್ಮೂರಿನ ಟವರ್ ಮಾತಾಡೋ ತರಂಗಾಂತರಕ್ಕೆ ಕಿವಿ ಕೊಡುತ್ತಾ?" ಅನ್ನೋದನ್ನ ಯಾರೂ ಹೇಳಲ್ಲ, ನಾವೂ ಕೇಳಲ್ಲ.

ಈ ಪ್ರಶ್ನೆ ಈಗ ಜಾಸ್ತಿ ಬರೋಕೆ ಕಾರಣ ಇದೆ. 2024ರ ಜುಲೈ ಮೊದಲ ವಾರದಲ್ಲಿ ಜಿಯೊ, ಏರ್‌ಟೆಲ್, ವಿ ಮೂರೂ ಕಂಪನಿಗಳು ರೀಚಾರ್ಜ್ ದರ ಏರಿಸಿದ್ವು. ಆಗ ತುಂಬಾ ಜನ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಆದ್ರು. ಆ ಹೊತ್ತಿಗೆ ಬಿಎಸ್‌ಎನ್‌ಎಲ್ ತನ್ನ 4ಜಿ ಟವರ್‌ಗಳನ್ನ ಇನ್ನೂ ಹಾಕ್ತಾ ಇತ್ತು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ಮೋದಿ ಅದನ್ನ ಅಧಿಕೃತವಾಗಿ ಉದ್ಘಾಟಿಸಿದ್ರು, ದೇಶಾದ್ಯಂತ 97,500ಕ್ಕೂ ಹೆಚ್ಚು ಟವರ್. ಇದರ ಉಪಕರಣ ಹೊರಗಿನಿಂದ ತಂದದ್ದಲ್ಲ. ಟಿಸಿಎಸ್, ಸಿ-ಡಾಟ್, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ಇಲ್ಲೇ ಕಟ್ಟಿದ್ದು. ಜನ ಸಿಮ್ ಬದಲಾಯಿಸಿದ್ರು, ಟವರ್ ಬಂತು, ಫೋನ್ ಮಾತ್ರ ಹಳೇದೇ ಉಳೀತು. ಗಂಟು ಬಿದ್ದಿರೋದು ಅಲ್ಲಿ.

ಬ್ಯಾಂಡ್ ಅಂದ್ರೇನು?

ಮೈಸೂರು ಆಕಾಶವಾಣಿ 100.6 ಎಫ್‌ಎಂನಲ್ಲಿ ಬರುತ್ತೆ. ನಿಮ್ಮ ತಾತನ ಕಾಲದ, ಬರೀ ಮೀಡಿಯಂ ವೇವ್ ಇರೋ ಟ್ರಾನ್ಸಿಸ್ಟರ್ ತಗೊಂಡು ಮುಳ್ಳು ಎಷ್ಟು ತಿರುಗಿಸಿದ್ರೂ ಅದರಲ್ಲಿ 100.6 ಸಿಗಲ್ಲ. ಸ್ಟೇಷನ್ ಕೆಟ್ಟಿಲ್ಲ, ರೇಡಿಯೊನೂ ಕೆಟ್ಟಿಲ್ಲ. ಆ ಸೆಟ್ಟಿಗೆ ಆ ತರಂಗ ಹಿಡಿಯೋ ಭಾಗವನ್ನೇ ಹಾಕಿಲ್ಲ.

ಮೊಬೈಲ್ ಕೂಡ ರೇಡಿಯೊನೇ. ಒಂದೇ ವ್ಯತ್ಯಾಸ, ಅದು ಕೇಳಿಸಿಕೊಳ್ಳೋದರ ಜೊತೆ ಮಾತೂ ಆಡುತ್ತೆ. ಕಂಪನಿಗಳಿಗೆ ಸರ್ಕಾರ ಹರಾಜಲ್ಲಿ ಇಂತಿಂಥ ತರಂಗಾಂತರದ ತುಂಡು ಅಂತ ಕೊಟ್ಟಿರುತ್ತೆ. ಆ ತುಂಡಿಗೆ ಜಗತ್ತಿನಾದ್ಯಂತ ಒಂದು ನಂಬರ್ ಇದೆ, ಅದೇ ಬ್ಯಾಂಡ್. 850 ಮೆಗಾಹರ್ಟ್ಜ್ ಅಂದ್ರೆ ಬ್ಯಾಂಡ್ 5. 900 ಅಂದ್ರೆ ಬ್ಯಾಂಡ್ 8. 1800 ಅಂದ್ರೆ 3, 2100 ಅಂದ್ರೆ 1, 2300 ಅಂದ್ರೆ 40, 2500 ಅಂದ್ರೆ 41. ನಮ್ಮಲ್ಲಿ ಕೊಟ್ಟಿರೋ 700 ಅಂದ್ರೆ 28. ನಂಬರ್‌ಗೂ ತರಂಗಾಂತರಕ್ಕೂ ತಾಳಮೇಳ ಇಲ್ಲ, ಬಾಯಿಪಾಠ ಮಾಡೋದೂ ಬೇಡ. 28 ಒಂದು ನೆನಪಿರಲಿ, ಇವತ್ತಿನ ಕಥೆಯ ನಾಯಕ ಅವನೇ. ಅಥವಾ ಖಳನಾಯಕ, ನಿಮ್ಮ ಫೋನ್ ಯಾವುದು ಅನ್ನೋದರ ಮೇಲೆ.

ಈಗ ಯಾರ ಹತ್ತಿರ ಏನಿದೆ ನೋಡೋಣ. ಜಿಯೊ 4ಜಿ ನಡೆಯೋದು 850, 1800, 2300ರಲ್ಲಿ. ಏರ್‌ಟೆಲ್ 900, 1800, 2100, 2300 ಬಳಸುತ್ತೆ, ವಿ 900, 1800, 2100, 2500. ಬಿಎಸ್‌ಎನ್‌ಎಲ್‌ನ ಹೊಸ 4ಜಿ ನಿಂತಿರೋದು ಎರಡೇ ಕಾಲ ಮೇಲೆ: 2100 ಮತ್ತು 700. ಅಂದ್ರೆ ಬ್ಯಾಂಡ್ 1 ಮತ್ತು ಬ್ಯಾಂಡ್ 28.

ನಾಲ್ಕೈದು ವರ್ಷ ಹಿಂದೆ ಇಲ್ಲಿ ಮಾರಾಟ ಆದ, ಹತ್ತು ಸಾವಿರದ ಆಸುಪಾಸಿನ ಎಷ್ಟೋ ಫೋನ್‌ಗಳ ಡಬ್ಬಿ ತಿರುಗಿಸಿ ನೋಡಿ. 4ಜಿ ಬ್ಯಾಂಡ್: 1, 3, 5, 8, 40, 41. ಅಷ್ಟೇ. 28 ಇಲ್ಲ. ಆಗ ನಮ್ಮ ದೇಶದಲ್ಲಿ ಆ ಬ್ಯಾಂಡಲ್ಲಿ ಯಾರೂ 4ಜಿ ಕೊಡ್ತಿರಲಿಲ್ಲ. ಇಲ್ಲದ ದಾರಿಗೆ ಗೇಟ್ ಯಾಕೆ ಅಂತ ಫೋನ್ ಮಾಡೋರು ಬಿಟ್ಟುಬಿಟ್ರು. ಅವರ ಲೆಕ್ಕಕ್ಕೆ ಅದು ಸರಿಯಾಗೇ ಇತ್ತು.

ಈಗ ಜಗಲಿ ಮೇಲಿನ ಒಗಟು ಬಿಡುತ್ತೆ. ಪೇಟೆಯಲ್ಲಿ ಟವರ್‌ಗಳು ಹತ್ತಿರ ಹತ್ತಿರ ಇರುತ್ತವೆ, 2100ರ ಸಿಗ್ನಲ್ ನಿಮ್ಮ ಹಳೇ ಫೋನಿಗೂ ಸಿಗುತ್ತೆ, ನೆಟ್ ಓಡುತ್ತೆ. ಊರಿನ ಕಡೆ ಬರ್ತಾ ಬರ್ತಾ 2100 ಸೋಲುತ್ತೆ. ಅಲ್ಲಿ ತನಕ ಬಂದು ತಲುಪೋದು 700 ಮಾತ್ರ. 28 ಇರೋ ಫೋನ್ ಅದನ್ನ ಹಿಡ್ಕೊಳ್ಳುತ್ತೆ. ಇಲ್ಲದ ಫೋನ್ 2ಜಿಗೆ ಜಾರಿ 'ಇ' ತೋರಿಸುತ್ತೆ.

ದೂರದೂರಿನ ಆರ್ಕೆಸ್ಟ್ರಾ

700 ಯಾಕೆ ದೂರ ಬರುತ್ತೆ, 2100 ಯಾಕೆ ಬರಲ್ಲ? ರಾತ್ರಿ ಹೊತ್ತು ಎರಡು ಮೈಲಿ ಆಚೆ ಯಾವುದೋ ಊರಲ್ಲಿ ಹಬ್ಬದ ಆರ್ಕೆಸ್ಟ್ರಾ ನಡೀತಿದ್ರೆ ನಿಮ್ಮ ಮನೆಗೆ ಏನು ಕೇಳುತ್ತೆ? ಹಾಡು ಕೇಳಲ್ಲ, ಕೀಬೋರ್ಡ್ ಕೇಳಲ್ಲ. ಬರೀ ಧಬ್ ಧಬ್ ಅಂತ ಬೇಸ್. ತೀಕ್ಷ್ಣ ದನಿ ಗೋಡೆ, ಮರ ದಾಟೋ ಹೊತ್ತಿಗೆ ಸತ್ತುಹೋಗುತ್ತೆ, ಮಂದ್ರ ದನಿ ಬರುತ್ತೆ. ಶಬ್ದ ಬೇರೆ, ರೇಡಿಯೊ ಬೇರೆ. ಆದ್ರೆ ಈ ವಿಷಯದಲ್ಲಿ ಇಬ್ಬರ ಬುದ್ಧಿಯೂ ಸುಮಾರು ಒಂದೇ.

700ರ ಒಂದು ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್, ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. 2300ರದ್ದು 13 ಸೆಂಟಿಮೀಟರ್. 5ಜಿಯ 3500ರದ್ದು 9 ಸೆಂಟಿಮೀಟರ್ ಕೂಡ ಇಲ್ಲ. ಅಡ್ಡ ಏನೂ ಇಲ್ಲದ ಬಯಲಲ್ಲೇ ಲೆಕ್ಕ ಹಾಕಿದ್ರೂ, ಅಷ್ಟೇ ಶಕ್ತಿಯಲ್ಲಿ ಕಳಿಸಿದ 700ರ ಸಿಗ್ನಲ್ ಫೋನಿನ ಪುಟ್ಟ ಆಂಟೆನಾಗೆ 2100ಕ್ಕಿಂತ ಸುಮಾರು ಒಂಬತ್ತು ಪಟ್ಟು ಜಾಸ್ತಿ ಸಿಗುತ್ತೆ. ಇನ್ನು ಮಧ್ಯೆ ಎಲೆ, ಕೊಂಬೆ, ಗೋಡೆ ಬಂದ್ರೆ ವ್ಯತ್ಯಾಸ ಇನ್ನೂ ಹಿಗ್ಗುತ್ತೆ. ಅದರಲ್ಲೂ ಒದ್ದೆ ಎಲೆ. ಮಳೆಗಾಲದಲ್ಲಿ ಸಿಗ್ನಲ್ ಕೆಡುತ್ತೆ ಅಂತ ಕಾಡಂಚಿನ ಜನ ಹೇಳಿದ್ರೆ ಪೇಟೆಯವರು ನಗ್ತಾರೆ. ನಗೋ ವಿಷಯ ಅಲ್ಲ ಅದು. ಎಲೆಯಲ್ಲಿರೋ ನೀರು ಸಣ್ಣ ಅಲೆಗಳನ್ನ ಚೆನ್ನಾಗೇ ಕುಡಿಯುತ್ತೆ.

ನಮ್ಮ ನಾಲ್ಕು ತಾಲ್ಲೂಕನ್ನ ಈ ಕಣ್ಣಲ್ಲಿ ನೋಡಿ. ಕೆ.ಆರ್. ನಗರ, ಸಾಲಿಗ್ರಾಮದ ಕಡೆ ಕಾವೇರಿ ನಾಲೆಯ ಬತ್ತದ ಬಯಲು. ಒತ್ತೊತ್ತಾಗಿ ಊರು, ಕಣ್ಣು ಹಾಯಿಸಿದಷ್ಟು ದೂರ ಗದ್ದೆ. ಅಲ್ಲಿ 1800, 2300 ಹಾಕಿದ್ರೂ ಕೆಲಸ ನಡೆಯುತ್ತೆ. ಪಿರಿಯಾಪಟ್ಟಣ ಕೊಡಗಿನ ಕಡೆ ಏರುತ್ತಾ ಹೋಗೋ ನೆಲ, ಬೆಟ್ಟದಪುರದ ಬೆಟ್ಟದ ಥರ ಒಂದು ಅಡ್ಡ ನಿಂತ್ರೆ ಅದರ ನೆರಳಲ್ಲಿರೋ ಊರಿಗೆ ಮೇಲಿನ ಬ್ಯಾಂಡುಗಳು ಕಷ್ಟ. ಹುಣಸೂರು ಪೇಟೆಯಲ್ಲಿ ತೊಂದರೆ ಇಲ್ಲ, ಹನಗೋಡು ದಾಟಿ ವೀರನಹೊಸಹಳ್ಳಿ ಕಡೆ ಹೋದ್ರೆ ಕಾಡು ಶುರು. ಎಚ್.ಡಿ. ಕೋಟೆ ಅಂದ್ರೆ ಅಂತರಸಂತೆ ಆಚೆ ನಾಗರಹೊಳೆ ಕಾಡು, ಕಬಿನಿ ಹಿನ್ನೀರು, ಡಿ.ಬಿ. ಕುಪ್ಪೆ, ಆಚೆ ಬಾವಲಿ, ಅದರಾಚೆ ಕೇರಳ. ಗಡಿಯಲ್ಲಿ ಫೋನು ಕೇರಳದ ಟವರ್ ಹಿಡಿದು ಸ್ವಾಗತದ ಮೆಸೇಜ್ ಕೊಡೋದೂ ಉಂಟು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಟವರ್ ಹಾಕಬೇಕಂದ್ರೆ ಅರಣ್ಯದ ಅನುಮತಿ ಬೇಕು, ಅದು ಸುಲಭಕ್ಕೆ ಸಿಗಲ್ಲ, ಸಿಗಬಾರದು ಅನ್ನೋ ವಾದದಲ್ಲೂ ಅರ್ಥ ಇದೆ. ಹಾಗಾಗಿ ಕಾಡೊಳಗಿನ, ಕಾಡಂಚಿನ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳಿಗೆ ಸಿಗ್ನಲ್ ದೂರದಿಂದಲೇ ಬರಬೇಕು. ದೂರದಿಂದ ಬರೋದು ಕೆಳಗಿನ ಬ್ಯಾಂಡ್ ಮಾತ್ರ.

ಇಲ್ಲಿ ಇನ್ನೊಂದು ಮಜಾ ಇದೆ. ಟಚ್ ಫೋನಲ್ಲಿ ಒಂದು ಕಡ್ಡಿ ಇಲ್ಲದ ಜಾಗದಲ್ಲಿ ಅಜ್ಜಿಯ ಹಳೇ ಬಟನ್ ಸೆಟ್ಟಲ್ಲಿ ಕಾಲ್ ಹೋಗುತ್ತೆ ಅಂತ ಎಲ್ಲರೂ ಹೇಳ್ತಾರಲ್ಲ, ಅದು ನಿಜ, ಕಾರಣವೂ ಇದೆ. ಟವರ್ ದೊಡ್ಡ ಗಂಟಲಿನ ಆಸಾಮಿ, ಅವನು ಹತ್ತಾರು ವ್ಯಾಟ್‌ನಲ್ಲಿ ಕೂಗ್ತಾನೆ. ಫೋನು ಉತ್ತರ ಕೊಡಬೇಕಲ್ಲ? 4ಜಿ ಫೋನಿನ ಗಂಟಲು ಹೆಚ್ಚೂಕಡಿಮೆ 200 ಮಿಲಿವ್ಯಾಟ್. 900ರಲ್ಲಿ ಮಾತಾಡೋ 2ಜಿ ಬಟನ್ ಸೆಟ್ಟು ತುಣುಕು ತುಣುಕಾಗಿ ಕಳಿಸುವಾಗ 2 ವ್ಯಾಟ್ ತನಕ ಏರುತ್ತೆ. ಹತ್ತು ಪಟ್ಟು. ಸಿಗ್ನಲ್ ಇದ್ದೂ ಕಾಲ್ ಹೋಗಲ್ಲ ಅನ್ನೋ ದೂರಿನ ಅರ್ಧ ಉತ್ತರ ಇಲ್ಲೇ ಇದೆ: ಟವರ್ ಮಾತು ನಿಮಗೆ ಕೇಳ್ತಿದೆ, ನಿಮ್ಮ ಮಾತು ಟವರ್‌ಗೆ ಕೇಳ್ತಿಲ್ಲ. ಮನೆಗೆ ಜಿಂಕ್ ಶೀಟ್ ಹೊದಿಸಿದ್ರಂತೂ ಇನ್ನೂ ಕಷ್ಟ. ಹೊಗೆಸೊಪ್ಪು ಬೇಯಿಸೋ ಕಾಲದಲ್ಲಿ ರಾತ್ರಿಯೆಲ್ಲ ಬ್ಯಾರನ್ ಹತ್ತಿರ ಕೂರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಶೀಟಿನ ಕೆಳಗೆ ಇಲ್ಲದ ಕಡ್ಡಿ ಹತ್ತು ಹೆಜ್ಜೆ ಆಚೆ ಬಂದ್ರೆ ಬರುತ್ತೆ.

ದುಡ್ಡಿನ ಲೆಕ್ಕ

ನಾನು ಓದಿದ್ದು ಬಿ.ಕಾಂ., ಹಾಗಾಗಿ ನನಗೆ ಅಲೆಗಿಂತ ಚೆನ್ನಾಗಿ ಅರ್ಥ ಆಗೋದು ಈ ಭಾಗ. 700 ಅಷ್ಟು ಒಳ್ಳೇದಾದ್ರೆ ಎಲ್ಲ ಕಂಪನಿ ಅದನ್ನೇ ಯಾಕೆ ಕೊಳ್ಳಲಿಲ್ಲ?

ಟವರ್ ಒಂದರ ವ್ಯಾಪ್ತಿ ವೃತ್ತ ಅಂದ್ಕೊಳ್ಳಿ. ಎರಡು ಕಿಲೋಮೀಟರ್ ತಲುಪೋ ಟವರ್ ಸುಮಾರು ಹನ್ನೆರಡೂವರೆ ಚದರ ಕಿಲೋಮೀಟರ್ ನೋಡಿಕೊಳ್ಳುತ್ತೆ. ಅದು ನಾಲ್ಕು ಕಿಲೋಮೀಟರ್ ತಲುಪಿದ್ರೆ ಐವತ್ತು. ದೂರ ಎರಡರಷ್ಟು, ಜಾಗ ನಾಲ್ಕರಷ್ಟು, ಬೇಕಾಗೋ ಟವರ್ ಕಾಲು ಭಾಗ. ಒಂದೊಂದು ಟವರ್‌ಗೂ ಜಾಗದ ಬಾಡಿಗೆ, ಕರೆಂಟು, ಬ್ಯಾಟರಿ, ಡೀಸೆಲ್. ಜನ ಕಡಿಮೆ ಇರೋ ಕಡೆ ಕೆಳಗಿನ ಬ್ಯಾಂಡ್ ಅಂದ್ರೆ ನೇರ ಉಳಿತಾಯ.

ಆದ್ರೆ ಅದರ ಬೆಲೆ ಹಾಗಿತ್ತು. 2016ರ ಹರಾಜಿನಲ್ಲಿ 700ಕ್ಕೆ ಸರ್ಕಾರ ಇಟ್ಟ ಮೀಸಲು ಬೆಲೆ ದೇಶಾದ್ಯಂತ ಒಂದು ಮೆಗಾಹರ್ಟ್ಜ್‌ಗೆ 11,485 ಕೋಟಿ ರೂಪಾಯಿ. ಒಬ್ಬರೂ ಮುಟ್ಟಲಿಲ್ಲ. 2021ರಲ್ಲೂ ಹಾಗೇ ವಾಪಸ್ ಹೋಯ್ತು. 2022ರಲ್ಲಿ ಬೆಲೆಯನ್ನ 3,927 ಕೋಟಿಗೆ ಇಳಿಸಿದ ಮೇಲೆ ಜಿಯೊ ಒಂದೇ ಕಂಪನಿ 22 ವಲಯಕ್ಕೂ 10 ಮೆಗಾಹರ್ಟ್ಜ್ ಕೊಂಡಿತು, ಅದಕ್ಕೇ 39,270 ಕೋಟಿ. ಕೊಂಡಿದ್ದು 5ಜಿಗೆ. ಏರ್‌ಟೆಲ್ ಕೊಳ್ಳಲಿಲ್ಲ, ಅದರ ಕೈಲಿ ಮೊದಲಿಂದ 900 ಇತ್ತು. ಬಿಎಸ್‌ಎನ್‌ಎಲ್ ಹರಾಜಿಗೆ ಹೋಗಲಿಲ್ಲ. ಅದಕ್ಕೆ ಕೇಂದ್ರ ಸರ್ಕಾರವೇ ಪುನಶ್ಚೇತನ ಪ್ಯಾಕೇಜಿನಲ್ಲಿ 700 ಕೊಟ್ಟಿತು. ಜೊತೆಗೆ 2022ರ ಜುಲೈನಲ್ಲಿ 4ಜಿ ಇಲ್ಲದ 24,680 ಹಳ್ಳಿಗಳಿಗೆ 26,316 ಕೋಟಿ ವೆಚ್ಚದಲ್ಲಿ ಟವರ್ ಹಾಕೋ ಯೋಜನೆಗೆ ಸಂಪುಟ ಒಪ್ಪಿತು, ಆ ಕೆಲಸವನ್ನೂ ಬಿಎಸ್‌ಎನ್‌ಎಲ್‌ಗೇ ವಹಿಸಿತು.

ನನ್ನ ತಕರಾರು ಇರೋದು ಇಲ್ಲಿ. ಹಳ್ಳಿಗೆ, ಹಾಡಿಗೆ ಅಂತ ಸಾರ್ವಜನಿಕ ದುಡ್ಡಲ್ಲಿ ಟವರ್ ಹಾಕ್ತೀವಿ. ಅಲ್ಲಿನ ಜನರ ಕೈಲಿರೋದು ಸೆಕೆಂಡ್ ಹ್ಯಾಂಡ್, ಥರ್ಡ್ ಹ್ಯಾಂಡ್ ಫೋನು, ಪೇಟೆಯ ನೆಂಟರು ಬಳಸಿ ಬಿಟ್ಟಿದ್ದು. ಅಂದ್ರೆ ಬ್ಯಾಂಡ್ 28 ಇಲ್ಲದ ಫೋನ್‌ಗಳು ಹೋಗಿ ಸೇರಿರೋದೂ ಅಲ್ಲಿಗೇ, ಬ್ಯಾಂಡ್ 28ರ ಟವರ್ ಹೆಚ್ಚು ಬೇಕಾಗಿರೋದೂ ಅಲ್ಲಿಗೇ. ಇದನ್ನ ಜೋಡಿಸಿ ನೋಡೋದು ಯಾರ ಕೆಲಸ?

ನರೇಗಾ ಕೂಲಿಯವರ ಹಾಜರಿಯನ್ನ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ಸಮೇತ ಹಾಕಬೇಕು ಅನ್ನೋದು 2023ರ ಜನವರಿ 1ರಿಂದ ಎಲ್ಲ ಕಡೆ ಕಡ್ಡಾಯ ಆಯ್ತು. ಫೋಟೊ ತೆಗೆಯೋರು ಕಾಯಕ ಬಂಧು, ಅವರ ಸ್ವಂತ ಫೋನಲ್ಲಿ. ಆ ಫೋನ್ ಊರಿನ ಟವರ್ ಹಿಡಿಯದೇ ಇದ್ರೆ, ಸಂಜೆ ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಬೇಕು. ಹಾಜರಿ ಏರದೇ ಹೋದ್ರೆ ಕುತ್ತು ಬರೋದು ಇಡೀ ಗುಂಪಿನ ಆ ದಿನದ ಕೂಲಿಗೆ. ರೇಷನ್ ಕಾರ್ಡಿನ ಒಟಿಪಿ, ಬ್ಯಾಂಕಿನ ಒಟಿಪಿ, ಹೆರಿಗೆ ನೋವಿನ ಹೊತ್ತಲ್ಲಿ 108ಕ್ಕೆ ಫೋನು, ಎಲ್ಲಕ್ಕೂ ಇದೇ ಕಥೆ.

501 ರೂಪಾಯಿ ಫೋನು ಏನಾಯ್ತು?

ಸಣ್ಣ ಹಳೇ ಕಥೆ. 2003ರಲ್ಲಿ ರಿಲಯನ್ಸ್‌ನವರು 501 ರೂಪಾಯಿ ಕಟ್ಟಿಸಿಕೊಂಡು ಫೋನ್ ಕೊಟ್ರು, ಮನೆಯಲ್ಲಿ ದೊಡ್ಡೋರನ್ನ ಕೇಳಿ, ನೆನಪಿರುತ್ತೆ. ಸಿಡಿಎಂಎ ಫೋನು, ಅದಕ್ಕೆ ಸಿಮ್ಮೇ ಇರಲಿಲ್ಲ. ಬಿಎಸ್‌ಎನ್‌ಎಲ್‌ನ ಹಳ್ಳಿ ಕಡೆಯ ಡಬ್ಲ್ಯೂಎಲ್‌ಎಲ್ ಫೋನೂ ಅದೇ ಜಾತಿ. ಅವೆಲ್ಲ ಓಡ್ತಿದ್ದದ್ದು 850ರಲ್ಲಿ. ಸಿಡಿಎಂಎ ಮುಚ್ಚಿದ ದಿನ ಆ ಫೋನ್‌ಗಳು ಆಟದ ಸಾಮಾನಾದ್ವು. 850 ಮಾತ್ರ ಎಲ್ಲೂ ಹೋಗಲಿಲ್ಲ. ಇವತ್ತು ಹಳ್ಳಿ ಮನೆಯೊಳಗೆ ಜಿಯೊ ಬರ್ತಿದ್ರೆ ಬಹುತೇಕ ಅದೇ ಬ್ಯಾಂಡ್ 5ರ ಪುಣ್ಯ. ತರಂಗ ಸಾಯಲ್ಲ, ಅದರ ಮೇಲೆ ಆಡೋ ಭಾಷೆ ಬದಲಾಗುತ್ತೆ. 3ಜಿಗೂ ಅದೇ ಆಯ್ತು. ಏರ್‌ಟೆಲ್ 2020ರ ಹೊತ್ತಿಗೆ 3ಜಿ ನಿಲ್ಲಿಸಿ ಆ ತರಂಗವನ್ನ 4ಜಿಗೆ ತಿರುಗಿಸಿತು. ಬಿಎಸ್‌ಎನ್‌ಎಲ್ ಕೂಡ 3ಜಿಯ 2100ನ್ನ ಈಗ 4ಜಿಗೆ ತಿರುಗಿಸ್ತಿದೆ. 3ಜಿ ತನಕ ಮಾತ್ರ ಬರೋ ಫೋನ್ ಇಟ್ಕೊಂಡಿದ್ರೆ ಅದು ಇನ್ನು 2ಜಿ ಫೋನ್ ಅಂತಲೇ ಲೆಕ್ಕ.

ಬೈಲಕುಪ್ಪೆಯ ಪ್ರಶ್ನೆ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟನ್ ವಸತಿ ಇದೆ. ಅಲ್ಲಿನ ಎಷ್ಟೋ ಕುಟುಂಬಗಳ ಮಕ್ಕಳು ಅಮೆರಿಕ, ಕೆನಡಾ, ಯೂರೋಪಿನಲ್ಲಿದ್ದಾರೆ. ಕೆ.ಆರ್. ನಗರ, ಹುಣಸೂರಿನ ಮನೆಗಳಲ್ಲೂ ಹೊರದೇಶದ ನೆಂಟರು ಈಗ ಹೊಸದಲ್ಲ. ಬರುವಾಗ ಫೋನ್ ತರ್ತಾರೆ. ಪ್ರೀತಿಯಿಂದ ತಂದದ್ದನ್ನ ಬೇಡ ಅನ್ನೋಕಾಗಲ್ಲ. ಆದ್ರೆ ನೋಡಿ ತಗೊಳ್ಳಿ.

ಅಮೆರಿಕದಲ್ಲೂ 700 ಇದೆ, ಆದ್ರೆ ಅಲ್ಲಿಯ 700 ಅಂದ್ರೆ ಬ್ಯಾಂಡ್ 12, 13, 17. ನಮ್ಮದು 28. ಹೆಸರು ಒಂದೇ, ಜಾಗ ಬೇರೆ. ಯೂರೋಪಿನಲ್ಲಿ 800 ಅಂದ್ರೆ ಬ್ಯಾಂಡ್ 20, ನಮ್ಮ ಸರ್ಕಾರದ ಕಾಗದದಲ್ಲಿ 800 ಅಂತ ಬರೆದಿದ್ರೆ ಅದು ಬ್ಯಾಂಡ್ 5, ಅದನ್ನೇ ಫೋನ್ ಕಂಪನಿಗಳು 850 ಅಂತ ಬರೀತಾರೆ. ಹಾಗಾಗಿ ಮೆಗಾಹರ್ಟ್ಜ್ ನೋಡಿ ಮೋಸ ಹೋಗಬೇಡಿ, ಬ್ಯಾಂಡ್ ನಂಬರ್ ನೋಡಿ. ದುಬಾರಿ ಫೋನ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲ ಬ್ಯಾಂಡೂ ತುಂಬಿರುತ್ತವೆ. ತೊಂದರೆ ಕೊಡೋದು ಅಲ್ಲಿನ ಕಂಪನಿ ಜೊತೆ ಅಗ್ಗಕ್ಕೆ ಸಿಕ್ಕಿದ ಫೋನು. ಅದರಲ್ಲಿ 2, 4, 12, 66, 71 ಅಂತ ನಮಗೆ ಬೇಡದ್ದೇ ಇರಬಹುದು. ಮೇಲಾಗಿ ಬೇರೆ ಸಿಮ್ ಹಾಕದ ಹಾಗೆ ಲಾಕ್ ಮಾಡಿರಬಹುದು. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರೋ ಐಫೋನ್‌ಗೆ ಸಿಮ್ ಹಾಕೋ ಕಿಂಡಿನೇ ಇಲ್ಲ, ಇಸಿಮ್ ಮಾತ್ರ.

ಬ್ಯಾಂಡ್ ಇದ್ರೂ ಕಾಲ್ ಹೋಗಲ್ಲ

ಬ್ಯಾಂಡ್ ಇದ್ದರೆ ಸಾಲದು, ಇನ್ನೊಂದು ಬಾಗಿಲಿದೆ: ವೋಲ್ಟಿ. 4ಜಿ ಮೂಲದಲ್ಲಿ ಡೇಟಾಗೆ ಮಾಡಿದ್ದು. ಅದರ ಮೇಲೆ ಮಾತಾಡೋಕೆ ಫೋನ್‌ಗೆ ವೋಲ್ಟಿ ಬರಬೇಕು. ಬರದಿದ್ರೆ ಕಾಲ್ ಬಂದಾಗ ಫೋನ್ 2ಜಿ ಅಥವಾ 3ಜಿಗೆ ಇಳಿದು ಮಾತಾಡುತ್ತೆ. ಏರ್‌ಟೆಲ್, ವಿ, ಬಿಎಸ್‌ಎನ್‌ಎಲ್‌ನಲ್ಲಿ ಇಳಿಯೋಕೆ 2ಜಿ ಇದೆ. ಜಿಯೊ 2016ರ ಸೆಪ್ಟೆಂಬರ್ 5ರಂದು ಶುರುವಾದದ್ದೇ 4ಜಿಯಿಂದ, ಅಲ್ಲಿ ಕೆಳಗೆ ಮೆಟ್ಟಿಲೇ ಇಲ್ಲ. ಐಫೋನ್ 5ಎಸ್ ಇಟ್ಕೊಂಡಿದ್ದೋರು ಆಗ ಜಿಯೊ ನೆಟ್ ಬಂದ್ರೂ ಕಾಲ್‌ಗೆ ಬೇರೆ ಆ್ಯಪ್ ಹಾಕಬೇಕಿತ್ತು, ಇದೇ ಕಾರಣಕ್ಕೆ.

ಕೆಲವು ಸಲ ಯಂತ್ರದಲ್ಲಿ ಎಲ್ಲ ಇದ್ದೂ ಸಾಫ್ಟ್‌ವೇರ್ ಬೀಗ ಹಾಕಿರುತ್ತೆ. 2022ರ ಅಕ್ಟೋಬರ್ 1ಕ್ಕೆ ದೇಶದಲ್ಲಿ 5ಜಿ ಉದ್ಘಾಟನೆ ಆಯ್ತು, ಲಕ್ಷ ರೂಪಾಯಿ ಕೊಟ್ಟು 5ಜಿ ಐಫೋನ್ ತಗೊಂಡೋರು ಡಿಸೆಂಬರ್ ತನಕ ಕಾದ್ರು, ಐಒಎಸ್ 16.2 ಅಪ್‌ಡೇಟ್ ಬಂದ ಮೇಲೇ ಓಡಿದ್ದು. ಹಾಗಾಗಿ ಬ್ಯಾಂಡ್ ಇದ್ದೂ ಬರ್ತಿಲ್ಲ ಅಂದ್ರೆ ಮೊದಲು ಅಪ್‌ಡೇಟ್ ನೋಡಿ, ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಬಟನ್ ಆನ್ ಇದೆಯಾ ನೋಡಿ. ಬಿಎಸ್‌ಎನ್‌ಎಲ್‌ನ ಹಳೇ ಗ್ರಾಹಕರು ಸಿಮ್ ನೋಡ್ಕೊಳ್ಳಿ, 2ಜಿ, 3ಜಿ ಕಾಲದ ಸಿಮ್ಮಲ್ಲಿ 4ಜಿ ಬರಲ್ಲ, ಬದಲಾಯಿಸಲೇಬೇಕು. ಎರಡು ಸಿಮ್ಮಿನ ಹಳೇ ಫೋನುಗಳಲ್ಲಿ ಎರಡನೇ ಕಿಂಡಿ ಬರೀ 2ಜಿಗೆ ಇರೋದುಂಟು. ಸಿಮ್ ಆ ಕಡೆಯಿಂದ ಈ ಕಡೆಗೆ ಹಾಕಿದ್ರೆ ಸಮಸ್ಯೆ ಮುಗೀತು. ಐದು ಪೈಸೆ ಖರ್ಚಿಲ್ಲ, ಮೊದಲು ಮಾಡಬೇಕಾದ್ದು ಇದು.

5ಜಿ ಬಗ್ಗೆ ಒಂದೇ ಮಾತು. ಜಿಯೊ 5ಜಿ ನಡೆಯೋದು 700 ಮತ್ತು 3500ರಲ್ಲಿ. ಹಳ್ಳಿಯಲ್ಲಿ 5ಜಿ ಅಂತ ತೋರಿಸಿಯೂ ಸ್ಪೀಡ್ ಅಷ್ಟಕ್ಕಷ್ಟೇ ಇದ್ರೆ ನೀವು ಬಹುಶಃ 700ರ ಮೇಲೆ ಇದ್ದೀರಿ. ದೂರ ಬರೋ ರಸ್ತೆ, ಆದ್ರೆ ಅಗಲ ಕಮ್ಮಿ. ಇನ್ನೊಂದು ಎಚ್ಚರ: ಫೋನ್ ವಿವರದಲ್ಲಿ 4ಜಿ ಬ್ಯಾಂಡ್ ಪಟ್ಟಿ ಬೇರೆ, 5ಜಿ ಪಟ್ಟಿ ಬೇರೆ ಇರುತ್ತೆ. 5ಜಿ ಪಟ್ಟಿಯಲ್ಲಿ 28 ಇದ್ದ ಮಾತ್ರಕ್ಕೆ 4ಜಿಯಲ್ಲೂ ಇದೆ ಅಂತ ಅಲ್ಲ. ಬಿಎಸ್‌ಎನ್‌ಎಲ್‌ಗೆ ನೋಡಬೇಕಾದ್ದು 4ಜಿ ಪಟ್ಟಿ.

ನೋಡೋದು ಹೇಗೆ?

ಫೋನಲ್ಲಿ *#06# ಒತ್ತಿ, 15 ಅಂಕಿಯ ಐಎಂಇಐ ಬರುತ್ತೆ. ಕೆವೈಎಂ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಆ ಅಂಕಿ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ನಿಮ್ಮ ಫೋನಿನ ಕಂಪನಿ, ಮಾಡೆಲ್ ವಾಪಸ್ ಬರುತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಮುಂಚೆ ಇದನ್ನ ಅಂಗಡಿಯಲ್ಲೇ ನಿಂತು ಮಾಡಿ, ಕದ್ದ ಫೋನ್ ಅಂತ ಬ್ಲಾಕ್ ಆಗಿದ್ರೂ ಗೊತ್ತಾಗುತ್ತೆ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪೂರ್ತಿ ಮಾಡೆಲ್ ನಂಬರ್ ನೋಡಿ, ಅಕ್ಷರ ಅಂಕಿ ಸಮೇತ, ಅದನ್ನ ಕಂಪನಿಯ ಭಾರತದ ವೆಬ್‌ಸೈಟಲ್ಲಿ ಹಾಕಿ 4ಜಿ ಬ್ಯಾಂಡ್ ಪಟ್ಟಿ ಓದಿ. ಒಂದೇ ಹೆಸರಿನ ಫೋನು ಬೇರೆ ದೇಶಕ್ಕೆ ಬೇರೆ ಬ್ಯಾಂಡ್ ಹಾಕ್ಕೊಂಡು ಬರುತ್ತೆ, ಅದಕ್ಕೇ ಹೆಸರು ನೋಡಿದ್ರೆ ಸಾಲದು.

ಸಿಗ್ನಲ್ ಎಷ್ಟಿದೆ ಅಂತ ಕಡ್ಡಿ ನೋಡಿ ಹೇಳೋಕಾಗಲ್ಲ, ಒಂದೊಂದು ಫೋನು ಒಂದೊಂದು ಥರ ಕಡ್ಡಿ ತೋರಿಸುತ್ತೆ. ಆಂಡ್ರಾಯ್ಡ್‌ನಲ್ಲಿ 'ಅಬೌಟ್ ಫೋನ್' ಒಳಗೆ ಸಿಮ್ ಸ್ಟೇಟಸ್ ಅಂತಿರುತ್ತೆ, ಅಲ್ಲಿ ಮೈನಸ್ ಅಂಕಿ ಇದೆ. 4ಜಿಯಲ್ಲಿ ಮೈನಸ್ 85, 90ರ ಹತ್ತಿರ ಇದ್ರೆ ಚೆನ್ನಾಗಿದೆ. ಮೈನಸ್ 110 ಅಂದ್ರೆ ಎಳೀತಿದೆ. 120 ಅಂದ್ರೆ ಹೆಚ್ಚೂಕಡಿಮೆ ಹೋಯ್ತು. ಯಾವ ಬ್ಯಾಂಡ್ ಹಿಡಿದಿದೆ ಅಂತ ನೋಡೋಕೆ ನೆಟ್‌ಮಾನ್‌ಸ್ಟರ್ ಥರದ ಉಚಿತ ಆ್ಯಪ್‌ಗಳಿವೆ.

ಹೊಸ ಫೋನ್ ತಗೊಳ್ಳೋರಿಗೆ, ನಿಮ್ಮದು ಯಾವ ಕಂಪನಿ ಸಿಮ್ಮಾದ್ರೂ ಸರಿ, 4ಜಿ ಪಟ್ಟಿಯಲ್ಲಿ 1, 3, 5, 8, 28, 40, 41 ಏಳೂ ಇದ್ರೆ ತಗೊಳ್ಳಿ. ನಾಳೆ ಸಿಮ್ ಬದಲಾಯಿಸೋ ಸ್ವಾತಂತ್ರ್ಯ ಇರುತ್ತೆ. ಒಂದೇ ಕಂಪನಿ ಸಿಮ್ಮಿಗೆ ಕಟ್ಟಿಹಾಕಿದ ಅಗ್ಗದ ಫೋನುಗಳೂ ಮಾರುಕಟ್ಟೆಯಲ್ಲಿವೆ, ಅವನ್ನ ತಗೊಳ್ಳೋ ಮುಂಚೆ ಆ ಕಂಪನಿ ನಿಮ್ಮ ಮನೆಯೊಳಗೆ ಬರುತ್ತಾ ಅಂತ ಒಂದು ದಿನ ಯಾರದ್ದಾದ್ರೂ ಸಿಮ್ ಹಾಕಿ ನೋಡಿ. ಹೊಸದು ಕೊಳ್ಳೋ ಶಕ್ತಿ ಇಲ್ಲ ಅಂದ್ರೆ ಉಲ್ಟಾ ಮಾಡಿ: ಮನೆ ಹತ್ತಿರ ಯಾವ ಯಾವ ಬ್ಯಾಂಡ್ ಇದೆ ಅಂತ ಮೊದಲು ನೋಡಿ, ಕೈಲಿರೋ ಫೋನಿಗೆ ಹೊಂದೋ ಸಿಮ್ ಹಾಕಿ. ಅಗ್ಗದ ರೀಚಾರ್ಜ್‌ಗೆ ಪೋರ್ಟ್ ಆಗಿ, ಆಮೇಲೆ ಅದಕ್ಕೇ ಅಂತ ಎಂಟು ಸಾವಿರದ ಫೋನ್ ತಗೊಂಡ್ರೆ ಉಳಿದದ್ದೇನು?

ಕೊನೇದಾಗಿ ದೂರಿನ ವಿಷಯ. ಟ್ರಾಯ್ ನಿಯಮದ ಪ್ರಕಾರ 2025ರಿಂದ ಕಂಪನಿಗಳು ತಮ್ಮ ವೆಬ್‌ಸೈಟಲ್ಲಿ ಎಲ್ಲೆಲ್ಲಿ 2ಜಿ, 4ಜಿ, 5ಜಿ ಇದೆ ಅಂತ ನಕ್ಷೆ ಹಾಕಿವೆ. ಅದರಲ್ಲಿ ನಿಮ್ಮೂರು ಹುಡುಕಿ. ನಕ್ಷೆಯಲ್ಲಿ 4ಜಿ ಇದೆ, ಸರಿಯಾದ ಬ್ಯಾಂಡ್ ಇರೋ ಎರಡು ಬೇರೆ ಬೇರೆ ಫೋನಲ್ಲಿ ನೋಡಿದ್ರೂ ಬರ್ತಿಲ್ಲ ಅಂದ್ರೆ, ಆಗ ಬಯ್ಯಬೇಕಾದ್ದು ಕಂಪನಿಗೇ. ಬರೀ "ನೆಟ್‌ವರ್ಕ್ ಇಲ್ಲ" ಅಂತ ಹೇಳಿದ್ರೆ ಆ ಕಡೆಯವರು "ಫೋನ್ ಆಫ್ ಮಾಡಿ ಆನ್ ಮಾಡಿ" ಅಂತಾರೆ. ಜಾಗ, ಹೊತ್ತು, ಫೋನ್ ಮಾಡೆಲ್, ಬ್ಯಾಂಡ್, ಆ ಮೈನಸ್ ಅಂಕಿ, ಇಷ್ಟನ್ನ ಬರ್ಕೊಂಡು ಕಸ್ಟಮರ್ ಕೇರ್‌ಗೆ ದೂರು ಕೊಡಿ, ಡಾಕೆಟ್ ನಂಬರ್ ಕೇಳಿ ತಗೊಳ್ಳಿ. ಅದರಲ್ಲಿ ಬಗೆಹರಿಯದಿದ್ರೆ ಅದೇ ನಂಬರ್ ಹಾಕಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೀರಿ, ಅದಕ್ಕೆ ದುಡ್ಡು ಕಟ್ಟಬೇಕಾಗಿಲ್ಲ. ಹಾಡಿಯಲ್ಲಿ ಓದಿದ ಹುಡುಗರಿದ್ದರೆ ಒಬ್ಬರೇ ಎಲ್ಲರ ಪರವಾಗಿ ಕೂತು ಬರೀಬಹುದು, ಹತ್ತು ಮನೆಯಿಂದ ಹತ್ತು ಡಾಕೆಟ್.